ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್‌ಗೆ ದಿನಕ್ಕೆ ಎಷ್ಟು ಪದಗಳನ್ನು ಬಾಯಿಪಾಠ ಮಾಡಬೇಕು?

ಕನ್ನಡ ಮಾಧ್ಯಮದಲ್ಲಿ ಓದಿ ಪಿಒ (ಬ್ಯಾಂಕಿನ ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಸಿದ್ಧರಾಗುತ್ತಿರುವ ನೀವು ಈಗಾಗಲೇ 900 ಪದಗಳನ್ನು ಬಾಯಿಪಾಠ ಮಾಡಿದ್ದೀರಿ, ದಿನಕ್ಕೆ 20 ಇರುವುದನ್ನು 40ಕ್ಕೆ ಏರಿಸಬೇಕೇ ಎಂದು ಕೇಳಿದ್ದೀರಿ. ಓದಿದ ಕೂಡಲೇ ನನ್ನ ಹಳೆಯ ನೋಟ್‌ಬುಕ್ ನೆನಪಾಯಿತು. 200 ಪುಟದ ಪುಸ್ತಕ, ಪ್ರತಿ ಪುಟದ ನಡುವೆ ಸ್ಕೇಲಿನಿಂದ ಎಳೆದ ಒಂದು ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ದಿನಕ್ಕೆ 20 ಪದಗಳಂತೆ ಏಳು ತಿಂಗಳು ಬರೆದೆ. ಪದಗಳ ಸಂಖ್ಯೆ ನಾಲ್ಕು ಸಾವಿರ ದಾಟಿತ್ತು. ಗೆಳೆಯನೊಬ್ಬ ಬಲಭಾಗವನ್ನು ಕೈಯಿಂದ ಮುಚ್ಚಿ ಯಾವ ಪುಟದಿಂದ ಕೇಳಿದರೂ ನಾನು ಥಟ್ಟನೆ ಅರ್ಥ ಹೇಳುತ್ತಿದ್ದೆ, ಅದನ್ನೇ ತಯಾರಿ ಎಂದು ನಂಬಿದ್ದೆ.

ಬ್ಯಾಂಕುಗಳಿಗಾಗಿ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಪಿಒ ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆಯ ರಚನೆ ನಿಮಗೆ ಗೊತ್ತೇ ಇರುತ್ತದೆ: ಒಟ್ಟು 100 ಪ್ರಶ್ನೆಗಳು, 60 ನಿಮಿಷ, ಅದರಲ್ಲಿ ಇಂಗ್ಲಿಷ್‌ಗೆ 30 ಪ್ರಶ್ನೆಗಳು, 30 ಅಂಕಗಳು, 20 ನಿಮಿಷ. ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತವಾಗುತ್ತದೆ, ಬಿಟ್ಟ ಪ್ರಶ್ನೆಗೆ ಏನೂ ಕಡಿತವಿಲ್ಲ. ನಾನು 24 ಪ್ರಶ್ನೆಗಳಿಗೆ ಉತ್ತರಿಸಿ, ಬಹಳ ಚೆನ್ನಾಗಿ ಮಾಡಿದೆನೆಂಬ ಸಂತೋಷದಲ್ಲಿ ಹೊರಗೆ ಬಂದೆ. ಇಂಗ್ಲಿಷ್‌ನಲ್ಲಿ ಬಂದ ಅಂಕ 7.75. ಕಟ್‌ಆಫ್‌ಗೆ, ಅಂದರೆ ದಾಟಲು ಬೇಕಾದ ಕನಿಷ್ಠ ಅಂಕಕ್ಕೆ, ಒಂದೂಕಾಲು ಅಂಕ ಕಡಿಮೆ. ರೀಸನಿಂಗ್‌ನಲ್ಲಿಯೂ ಗಣಿತದಲ್ಲಿಯೂ ಧಾರಾಳವಾಗಿ ದಾಟಿದ್ದೆ, ಒಟ್ಟು ಅಂಕವೂ ಸಾಕಷ್ಟಿತ್ತು. ಆದರೆ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಕಟ್‌ಆಫ್ ಇರುವುದರಿಂದ ಉಳಿದ ಎರಡರ ಅಂಕಗಳು ಇದರ ಕೊರತೆಯನ್ನು ತುಂಬಿಕೊಡಲಿಲ್ಲ. ಒಂದು ವರ್ಷ ಹೋಯಿತು.

ಅಂಕಪಟ್ಟಿಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬ ವಿವರ ಇರಲಿಲ್ಲ, ಹಾಗಾಗಿ ನಾನೇ ಹಿಂದಿನಿಂದ ಲೆಕ್ಕ ಹಾಕಿದೆ. 24ರಲ್ಲಿ 11 ಸರಿ, 13 ತಪ್ಪು ಎಂದಾದರೆ 11ರಿಂದ 3.25 ಕಳೆದು 7.75 ಉಳಿಯುತ್ತದೆ. ಆ 13ನ್ನು ಮುಟ್ಟದೇ ಬಿಟ್ಟಿದ್ದರೆ 11 ಅಂಕ ಬಂದು ಮುಂದಿನ ಹಂತವಾದ ಮೇನ್ಸ್‌ಗೆ ಹೋಗಿರುತ್ತಿದ್ದೆ. ಇದನ್ನು ಕೇಳಿದವರೆಲ್ಲ ಊಹೆಯ ಮೇಲೆ ಉತ್ತರಿಸಬಾರದಿತ್ತು ಎಂದು ಬುದ್ಧಿ ಹೇಳಿದರು. ಆದರೆ ನಾನು ಊಹೆ ಮಾಡಿರಲಿಲ್ಲ, ನನ್ನ ತೊಂದರೆ ಇದ್ದದ್ದೇ ಅಲ್ಲಿ. ಗೊತ್ತಿಲ್ಲದ ಪದ ಕಂಡಲ್ಲೆಲ್ಲ ಪ್ರಶ್ನೆಯನ್ನು ಬಿಟ್ಟಿದ್ದೆ; ತಪ್ಪಾದವುಗಳಲ್ಲಿ ಹೆಚ್ಚಿನವು ನನ್ನ ನೋಟ್‌ಬುಕ್ಕಿನಲ್ಲಿದ್ದ, ನನಗೆ ಖಂಡಿತವಾಗಿ ಗೊತ್ತಿದೆ ಎಂದುಕೊಂಡಿದ್ದ ಪದಗಳ ಪ್ರಶ್ನೆಗಳೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದು ಇದೇ ಜಾಗದಲ್ಲಿ. ನನ್ನ ನೋಟ್‌ಬುಕ್ಕಿನಲ್ಲಿ ಸಿವಿಯರ್, ಸ್ಟ್ರಿಕ್ಟ್, ಹಾರ್ಷ್, ರಿಜಿಡ್ ಈ ನಾಲ್ಕೂ ಪದಗಳ ಮುಂದೆ ‘ಕಠಿಣ’ ಎಂದು ಬರೆದಿತ್ತು. ಅರ್ಥ ತಪ್ಪೇನಲ್ಲ. ಆದರೆ ಪರೀಕ್ಷೆ ಸಿವಿಯರ್ ಎಂದರೇನು ಎಂದು ಕೇಳುವುದಿಲ್ಲ. ಗಾಯದ ಮುಂದೆ, ಶಿಕ್ಷಕರ ಮುಂದೆ, ಮಾತಿನ ಮುಂದೆ ಯಾವುದು ಬರುತ್ತದೆ ಎಂದು ಕೇಳುತ್ತದೆ. ಗಾಯಕ್ಕೆ ಸಿವಿಯರ್, ಶಿಕ್ಷಕರಿಗೆ ಸ್ಟ್ರಿಕ್ಟ್, ಮಾತಿಗೆ ಹಾರ್ಷ್, ಬಾಗದ ವಸ್ತುವಿಗೆ ರಿಜಿಡ್. ಖಾಲಿ ಜಾಗದ ಕೆಳಗೆ ಈ ನಾಲ್ಕೂ ಸಾಲಾಗಿ ನಿಂತಾಗ ನನ್ನ ನಾಲ್ಕು ಸಾವಿರ ಪದಗಳ ಪಾಂಡಿತ್ಯಕ್ಕೆ ಅವೆಲ್ಲವೂ ಒಂದೇ ಪದವಾಗಿ ಕಾಣುತ್ತಿದ್ದವು, ಆದ್ದರಿಂದ ಯಾವುದನ್ನು ಒತ್ತಿದರೂ ಸರಿಯೆಂಬ ಧೈರ್ಯ ಬರುತ್ತಿತ್ತು.

ವಾಕ್ಯದಲ್ಲಿರುವ ತಪ್ಪನ್ನು ಹುಡುಕುವ ಎರರ್ ಸ್ಪಾಟಿಂಗ್‌ನಲ್ಲಿ ಇನ್ನೂ ಕಷ್ಟ. ಡಿಸ್ಕಸ್ ಎಂಬುದರ ಮುಂದೆ ‘ಬಗ್ಗೆ ಚರ್ಚಿಸು’ ಎಂದು ಬರೆದುಕೊಂಡವನಿಗೆ ‘ಡಿಸ್ಕಸ್ ಅಬೌಟ್’ ಎಂಬಲ್ಲಿ ತಪ್ಪು ಕಾಣುವುದಾದರೂ ಹೇಗೆ? ಇಂಗ್ಲಿಷ್‌ನಲ್ಲಿ ಡಿಸ್ಕಸ್ ನೇರವಾಗಿ ಕರ್ಮವನ್ನು ತೆಗೆದುಕೊಳ್ಳುತ್ತದೆ, ಅಬೌಟ್ ಬೇಕಾಗಿಲ್ಲ. ಬೇಕಾಗಿದೆ ಎಂದು ಹೇಳುತ್ತಿದ್ದದ್ದು ನನ್ನ ಕನ್ನಡ ಅರ್ಥದೊಳಗಿನ ‘ಬಗ್ಗೆ’. ‘ಎರಡು ವರ್ಷದಿಂದ’ ಎಂಬಲ್ಲಿಯೂ ‘ಸೋಮವಾರದಿಂದ’ ಎಂಬಲ್ಲಿಯೂ ನಮಗೆ ಒಂದೇ ‘ಇಂದ’ ಸಾಕು, ಇಂಗ್ಲಿಷ್‌ಗೆ ಮೊದಲನೆಯದಕ್ಕೆ ಫಾರ್, ಎರಡನೆಯದಕ್ಕೆ ಸಿನ್ಸ್ ಬೇಕು. ಅದೂ ಸಾಲದೆಂಬಂತೆ ‘ಓದುತ್ತಿದ್ದೇನೆ’ ಎಂಬುದನ್ನು ಅಲ್ಲಿ ‘ಆಮ್ ಸ್ಟಡಿಯಿಂಗ್’ ಎಂದರೆ ತಪ್ಪು, ‘ಹ್ಯಾವ್ ಬೀನ್ ಸ್ಟಡಿಯಿಂಗ್’ ಎನ್ನಬೇಕು. ‘ಗಿಂತ’ ಎಂದರೆ ದ್ಯಾನ್ ಎಂದು ಕಲಿತಿದ್ದ ನಾನು ಪ್ರಿಫರ್, ಸೂಪೀರಿಯರ್, ಜೂನಿಯರ್ ಪದಗಳ ಮುಂದೆಯೂ ದ್ಯಾನ್ ಕಂಡು ಸರಿಯಾಗಿದೆ ಎಂದು ದಾಟಿಹೋಗುತ್ತಿದ್ದೆ. ಅಲ್ಲಿ ಬರಬೇಕಾದದ್ದು ಟು.

ನಾನು ಮಾಡಿದ ಇನ್ನೊಂದು ಬುದ್ಧಿವಂತಿಕೆಯೆಂದರೆ, ಬೇಗ ಓದಲು ಅನುಕೂಲವಾಗಲೆಂದು ಇಂಗ್ಲಿಷ್ ಪದಗಳನ್ನೂ ಕನ್ನಡ ಅಕ್ಷರಗಳಲ್ಲೇ ಬರೆದುಕೊಂಡಿದ್ದು. ‘ಹೊಂದಿಕೊಳ್ಳು’ ಎಂಬ ಅರ್ಥದ ಪದವೂ ‘ದತ್ತು ತೆಗೆದುಕೊಳ್ಳು’ ಎಂಬ ಅರ್ಥದ ಪದವೂ ನನ್ನ ಪುಸ್ತಕದಲ್ಲಿ ‘ಅಡಾಪ್ಟ್’ ಎಂದೇ ಇದ್ದವು. ನಡುವೆ ಎ ಬರಬೇಕೋ ಒ ಬರಬೇಕೋ ಎಂದು ಪರದೆಯ ಮುಂದೆ ಕುಳಿತು ಯೋಚಿಸುವಾಗ 20 ನಿಮಿಷಗಳಲ್ಲಿ ಒಂದು ಪೂರ್ತಿ ನಿಮಿಷ ಕಳೆದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಗೆ 20 ಅಥವಾ 40 ಎಂದು ಉತ್ತರಿಸಲು ನನಗೆ ಮನಸ್ಸಿಲ್ಲ. ದಿನಕ್ಕೆ ಎಷ್ಟು ಪದ ಎಂಬ ಲೆಕ್ಕವೇ ಈ ಪರೀಕ್ಷೆಗೆ ಹೊಂದುವುದಿಲ್ಲ. ಕನ್ನಡ ಮಾಧ್ಯಮದವರಿಗೆ ಪದಗಳು ಕಡಿಮೆ, ಅದಕ್ಕೇ ಹಿಂದುಳಿಯುತ್ತಾರೆ ಎಂದು ತರಬೇತಿ ಕೇಂದ್ರಗಳಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ, ನಾನು ಅದನ್ನು ಒಪ್ಪುವುದಿಲ್ಲ. ನಮಗೆ ಕಡಿಮೆ ಇರುವುದು ವಾಕ್ಯಗಳು.

ಎರಡನೆಯ ವರ್ಷ ನಾನು ಹೊಸ ಪದಗಳ ಪಟ್ಟಿಯನ್ನೇ ಮಾಡಲಿಲ್ಲ. ದಿನಕ್ಕೆ ಒಂದು ಪ್ಯಾರಾ, ಸುಮಾರು 120 ಪದಗಳದ್ದು, ಪತ್ರಿಕೆಯ ಆರ್ಥಿಕ ಪುಟದಿಂದ ಆರಿಸಿಕೊಂಡು ಕನ್ನಡಕ್ಕೆ ಅನುವಾದಿಸುತ್ತಿದ್ದೆ. ಮರುದಿನ ಮೂಲವನ್ನು ನೋಡದೆ ನನ್ನ ಕನ್ನಡವನ್ನು ಮತ್ತೆ ಇಂಗ್ಲಿಷ್‌ಗೆ ತಂದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಮೊದಲ ದಿನ 17 ಗೆರೆಗಳು ಬಿದ್ದವು, ಅವುಗಳಲ್ಲಿ ಒಂಬತ್ತು ಎ, ಆನ್, ದ ಎಂಬ ಪುಟ್ಟ ಪದಗಳಿಗೆ ಸಂಬಂಧಿಸಿದವು. ನಮ್ಮ ಭಾಷೆಯಲ್ಲಿ ಅಂಥದ್ದು ಇಲ್ಲವಾದ್ದರಿಂದ ಅವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಓದಿದ್ದರೂ ಅವನ್ನು ನಿಜವಾಗಿ ನೋಡಿದ್ದು ಆ ದಿನವೇ. ಸಂಪಾದಕೀಯವನ್ನೇ ಓದಬೇಕು ಎಂಬ ಸಲಹೆಯನ್ನು ನಾನು ಪಾಲಿಸಲಿಲ್ಲ. ಸಂಪಾದಕೀಯದ ವಾಕ್ಯಗಳು ಆರಂಭದಲ್ಲಿ ಹೆದರಿಸುತ್ತವೆ, ವರದಿಯ ವಾಕ್ಯಗಳು ಕಲಿಸುತ್ತವೆ. ಮೂರು ತಿಂಗಳ ನಂತರ ಬೇಕಾದರೆ ಅದಕ್ಕೆ ಕೈಹಾಕಿ.

ವ್ಯಾಕರಣಕ್ಕೆ ಯಾವ ಪುಸ್ತಕ ಒಳ್ಳೆಯದು ಎಂದೂ ಕೇಳಿದ್ದೀರಿ. ನಿಮ್ಮ ಬಳಿ ಈಗಾಗಲೇ ಇರುವ ಯಾವುದೇ ಒಂದು ಸಾಕು, ಎರಡನೆಯದನ್ನು ಕೊಳ್ಳಬೇಡಿ. ಹೈಸ್ಕೂಲಿನಲ್ಲಿ ಕಲಿತ ಕನ್ನಡ ವ್ಯಾಕರಣ ಇಲ್ಲಿ ಎಷ್ಟು ನೆರವಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳುವುದಿಲ್ಲ. ರೈಸ್ ಮತ್ತು ರೇಜ್ ಪದಗಳ ಗೊಂದಲ ನನಗೆ ಬಹಳ ದಿನ ಇತ್ತು. ರೈಸ್ ಎಂದರೆ ‘ಏರು’, ರೇಜ್ ಎಂದರೆ ‘ಏರಿಸು’, ಅಂದರೆ ಅಕರ್ಮಕ ಮತ್ತು ಸಕರ್ಮಕ ಧಾತುಗಳ ವ್ಯತ್ಯಾಸವಷ್ಟೇ ಎಂದು ಹೊಳೆದ ದಿನ ಅದು ಮುಗಿಯಿತು. ‘ದ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಪಬ್ಲಿಷ್ಡ್’ ಎಂಬ ವಾಕ್ಯ ಕಂಡರೆ ಕರ್ತೃಪದ ಯಾವುದು ಎಂದು ಕನ್ನಡದಲ್ಲೇ ಕೇಳಿಕೊಳ್ಳಿ. ಪ್ರಕಟವಾದದ್ದು ಅಭ್ಯರ್ಥಿಗಳಲ್ಲ, ಪಟ್ಟಿ, ಹಾಗಾಗಿ ಹ್ಯಾಸ್. ಕ್ರಿಯಾಪದದ ಪಕ್ಕದಲ್ಲಿ ಬಹುವಚನವೊಂದನ್ನು ಕೂರಿಸಿ ದಾರಿ ತಪ್ಪಿಸುವುದು ಪ್ರಶ್ನೆ ತೆಗೆಯುವವರ ಹಳೆಯ ತಂತ್ರ.

ಮಾಕ್ ಟೆಸ್ಟ್‌ಗಳಲ್ಲಿ, ಅಂದರೆ ಅಭ್ಯಾಸದ ಪರೀಕ್ಷೆಗಳಲ್ಲಿ, ತಪ್ಪಾದ ಪ್ರತಿ ವಾಕ್ಯವನ್ನೂ ಪೂರ್ತಿಯಾಗಿ, ಇಂಗ್ಲಿಷ್ ಅಕ್ಷರಗಳಲ್ಲೇ, ಒಂದು ಪುಸ್ತಕದಲ್ಲಿ ಬರೆದು, ನಾನು ಏಕೆ ಆ ಉತ್ತರ ಕೊಟ್ಟೆ ಎಂದು ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರೆಯುತ್ತಿದ್ದೆ. ಸರಿಯುತ್ತರಕ್ಕಿಂತ ಆ ಸಾಲೇ ಮುಖ್ಯ. ಎರಡು ತಿಂಗಳಲ್ಲಿ ಓದಿ ನೋಡಿದಾಗ ನನ್ನ ತಪ್ಪುಗಳೆಲ್ಲ ಆರೇಳು ಬಗೆಗಳಲ್ಲೇ ಸುತ್ತುತ್ತಿದ್ದವು. ಕೊಟ್ಟ ಭಾಗವನ್ನು ಓದಿ ಉತ್ತರಿಸುವ ರೀಡಿಂಗ್ ಕಾಂಪ್ರಹೆನ್ಷನ್ ಬಗ್ಗೆ ನಾನು ಬೇರೆಯಾಗಿ ಏನನ್ನೂ ಮಾಡಲಿಲ್ಲ. ಪ್ಯಾರಾಗಳ ಅಭ್ಯಾಸದಿಂದಲೇ ಓದುವ ವೇಗ ಬಂದಿತು.

ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ನೀವು ಕೇಂದ್ರ ಸರ್ಕಾರದ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯನ್ನೂ ಬರೆಯುವುದಾದರೆ ಪಟ್ಟಿಗಳಿಗೆ ಅಲ್ಲಿ ಸ್ವಲ್ಪ ಬೆಲೆಯಿದೆ, ಏಕೆಂದರೆ ಒಂದು ಪದಪುಂಜಕ್ಕೆ ಒಂದೇ ಪದ ಹೇಳುವ ಪ್ರಶ್ನೆಗಳು, ನುಡಿಗಟ್ಟುಗಳು, ಸಮಾನಾರ್ಥಕಗಳು ಅಲ್ಲಿ ನೇರವಾಗಿಯೇ ಬರುತ್ತವೆ; ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಅದೇ ಪಟ್ಟಿಯಾಗುತ್ತದೆ. ಆದರೆ ಅಲ್ಲಿ ಮೊದಲ ಹಂತದಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆಗಳು, 50 ಅಂಕಗಳು, ಪ್ರತಿ ತಪ್ಪಿಗೆ ಅರ್ಧ ಅಂಕ ಕಡಿತ. ಅರೆಬರೆ ಗೊತ್ತಿರುವ ಪದಗಳಿಗೆ ಅಲ್ಲಿಯೂ ರಿಯಾಯಿತಿ ಇಲ್ಲ. ಇನ್ನು ಪಿಒ ಮೇನ್ಸ್‌ನ ವಿವರಣಾತ್ಮಕ ಪತ್ರಿಕೆಯಲ್ಲಿ 30 ನಿಮಿಷಗಳಲ್ಲಿ ಇಂಗ್ಲಿಷ್ ಪ್ರಬಂಧವನ್ನು ಟೈಪ್ ಮಾಡಬೇಕಾಗುತ್ತದೆ, ಅಲ್ಲಿ ಕೈಹಿಡಿಯುವುದು ಸ್ವಂತವಾಗಿ ಕಟ್ಟಿ ಕಟ್ಟಿ ಪಳಗಿದ ವಾಕ್ಯಗಳೇ.

ಎರಡನೆಯ ಬಾರಿ ಪ್ರಿಲಿಮ್ಸ್‌ನ ಇಂಗ್ಲಿಷ್‌ನಲ್ಲಿ ನಾನು ಉತ್ತರಿಸಿದ್ದು 18 ಪ್ರಶ್ನೆಗಳಿಗೆ ಮಾತ್ರ, ಬಂದದ್ದು 15.5. ಹೊರಗೆ ಬಂದಾಗ ಹಿಂದಿನ ವರ್ಷದ ಸಂತೋಷವಿರಲಿಲ್ಲ, ಬಿಟ್ಟ 12 ಪ್ರಶ್ನೆಗಳೇ ತಲೆಯಲ್ಲಿದ್ದವು.

ನಿಮ್ಮ 900 ಪದಗಳನ್ನು ಎಸೆಯಬೇಡಿ. ದಿನಕ್ಕೆ ಹತ್ತರಂತೆ ಅವುಗಳ ಮುಂದಿರುವ ಕನ್ನಡ ಅರ್ಥವನ್ನು ಹೊಡೆದುಹಾಕಿ, ಆ ಜಾಗದಲ್ಲಿ ನೀವು ಎಲ್ಲಾದರೂ ಓದಿದ ಒಂದು ಇಂಗ್ಲಿಷ್ ವಾಕ್ಯವನ್ನು ಬರೆಯಿರಿ. ಮೂರು ತಿಂಗಳಾಗುತ್ತದೆ. ಯಾವ ಪದಕ್ಕೆ ವಾಕ್ಯ ಸಿಗುವುದಿಲ್ಲವೋ ಅದರ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಆ ಪದ ಪರೀಕ್ಷೆಯಲ್ಲಿ ಬಂದರೆ, ಎಷ್ಟೇ ಪರಿಚಿತವೆನಿಸಿದರೂ, ಮುಂದಿನ ಪ್ರಶ್ನೆಗೆ ಹೋಗಿ.