2010ರ ವಿಶ್ವ ಚೆಸ್ ಪಂದ್ಯದ ಕೊನೆಯ ಆಟವನ್ನು ಆನಂದ್ ಕಪ್ಪು ಕಾಯಿಗಳಿಂದ ಗೆದ್ದದ್ದು ಹೇಗೆ?

ಗಟ್ಟಿಯಾದ ರಕ್ಷಣೆಯಿಂದ ಆಟವನ್ನು ಸಮವಾಗಿಟ್ಟು, ಎದುರಾಳಿ ವೆಸೆಲಿನ್ ಟೊಪಲೊವ್ ತಾನಾಗಿಯೇ ರಾಜನ ಮುಂದಿನ ದಾರಿಯನ್ನು ತೆರೆದುಕೊಂಡಾಗ ಮೇಲೆರಗಿ ಗೆದ್ದರು. ಬಲ್ಗೇರಿಯಾದ ಸೋಫಿಯಾದಲ್ಲಿ ಇಬ್ಬರೂ ತಲಾ 5.5 ಅಂಕಗಳಲ್ಲಿದ್ದಾಗ ನಡೆದ ಆ 12ನೆಯ ಆಟದಲ್ಲಿ ಆನಂದ್ ಆರಿಸಿಕೊಂಡದ್ದು ಲಾಸ್ಕರ್ ರಕ್ಷಣೆಯನ್ನು. ಇದರಲ್ಲಿ ಕಪ್ಪು ಕುದುರೆಯು ಬೇಗನೆ ಹಲಗೆಯ ನಡುವಿನ ಇ4 ಮನೆಗೆ ಜಿಗಿದು ಒಂಟೆ, ಕುದುರೆಗಳ ವಿನಿಮಯಕ್ಕೆ ಎಡೆಮಾಡುವುದರಿಂದ, ಇಕ್ಕಟ್ಟಾದ ಸ್ಥಾನದಲ್ಲೂ ಕಪ್ಪಿಗೆ ಉಸಿರಾಡಲು ಜಾಗ ಸಿಗುತ್ತದೆ, ಬಿಳಿಯ ದಾಳಿಗೆ ಬಲ ಉಳಿಯುವುದಿಲ್ಲ. ನೋಡಲು ನೀರಸವಾದ, ಡ್ರಾ ಕಡೆಗೇ ಸಾಗುವಂತೆ ಕಾಣುವ ಆಟ. ಆದರೆ ಟೊಪಲೊವ್ 31 ಮತ್ತು 32ನೆಯ ನಡೆಗಳಲ್ಲಿ ಒಂದಾದಮೇಲೊಂದು ಪದಾತಿಯನ್ನು ಹೊಡೆದದ್ದರಿಂದ ಅವರ ರಾಜನತ್ತ ಸಾಗುವ ಉದ್ದನೆಯ ಕರ್ಣರೇಖೆ ಬಯಲಾಯಿತು. ಅಲ್ಲಿಂದ ಆನಂದರ ರಾಣಿಗೆ ತಡೆಯೇ ಇರಲಿಲ್ಲ. 56 ನಡೆಗಳಲ್ಲಿ ಆಟವೂ 6.5–5.5ರಿಂದ ಪಟ್ಟವೂ ಅವರದಾಯಿತು.