ಒಟ್ಟು ಆದಾಯವನ್ನು ಹನ್ನೆರಡರಿಂದ ಭಾಗಿಸುವ ಮೊದಲು ಪಂಚಾಂಗ ನೋಡಿ

ಸಹೋದರಿ, ಯಜಮಾನರ ಮದುವೆ ಫೋಟೋಗ್ರಫಿ ಮತ್ತು ನಿಮ್ಮ ಬ್ಲೌಸ್ ಹೊಲಿಗೆ, ಎರಡರ ಆದಾಯವನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿ 2026ರ ಖರ್ಚಿನ ಪಟ್ಟಿ ಹಾಕಿದ್ದೀರಿ. ಆಷಾಢವೆಂದು ತಿಳಿದು ಜೂನ್ ಕೊನೆಗೆ ಹತ್ತು ದಿನದ ಪ್ರವಾಸವನ್ನೂ ಇಟ್ಟಿದ್ದೀರಿ. ಇದೇ ತಪ್ಪನ್ನು ನಾವು ಗಂಡ ಹೆಂಡತಿ 2023ರಲ್ಲಿ ಮಾಡಿದ್ದರಿಂದ ಸುಮ್ಮನಿರಲಾಗಲಿಲ್ಲ.

ಆ ವರ್ಷ ಜುಲೈ 17ಕ್ಕೆ ಆಷಾಢ ಮುಗಿದ ಮರುದಿನವೇ ಅಧಿಕ ಶ್ರಾವಣ ಹಿಡಿದು ಆಗಸ್ಟ್ 16ರವರೆಗೆ ಮದುವೆಗಳಿರಲಿಲ್ಲ. ನಾವು ತೆಗೆದಿಟ್ಟಿದ್ದು ಒಂದೇ ತಿಂಗಳ ಖರ್ಚು. ಎರಡನೆಯ ತಿಂಗಳ ಅಂಗಡಿ ಬಾಡಿಗೆಗೆ ಕಾರ್ತಿಕದ ಮದುವೆಗಳ ಮುಂಗಡಕ್ಕೆ ಕೈ ಹಾಕಿದೆವು. ಕಾರ್ತಿಕ ಬಂದಾಗ ಸಹಾಯಕರ ದಿನಗೂಲಿ ಕೊಟ್ಟ ಮೇಲೆ ಆಲ್ಬಂ ಪ್ರಿಂಟಿಗೆ ಹಣವಿರಲಿಲ್ಲ; ಬಿಳಿ ಟೇಪಿನ ಮೇಲೆ ವಧೂವರರ ಹೆಸರು ಬರೆದ ಮೂರು ಹಾರ್ಡ್ ಡಿಸ್ಕ್‌ಗಳು ಕಪಾಟಿನಲ್ಲಿ ಹಾಗೆಯೇ ಕುಳಿತಿದ್ದವು. ಕೊನೆಗೆ ಹೆಂಡತಿಯ ಬಳೆ ಅಡವಿಟ್ಟು ಅವುಗಳನ್ನು ಪ್ರಿಂಟಿಗೆ ಕಳುಹಿಸಿದೆ.

ಅಂದಿನಿಂದ ಮುಂಗಡ ಬಂದ ದಿನವೇ ಬೇರೆ ಖಾತೆಗೆ ಹೋಗುತ್ತದೆ. ಆ ಮದುವೆಯದೇ ಖರ್ಚು ಬಿಟ್ಟರೆ, ಆಲ್ಬಂ ಕೊಟ್ಟು ಲೆಕ್ಕ ಚುಕ್ತಾ ಆಗುವವರೆಗೆ ಅದನ್ನು ಮುಟ್ಟುವುದಿಲ್ಲ. ಮನೆಖರ್ಚಿಗೆ ತಿಂಗಳಿಗಿಷ್ಟು ಎಂದು ಸಂಬಳದಂತೆ ತೆಗೆದುಕೊಳ್ಳುತ್ತೇವೆ, ಅದನ್ನೂ ಕಳೆದ ಮೂರು ವರ್ಷಗಳಲ್ಲಿ ಅತಿ ಕಡಿಮೆ ದುಡಿದ ವರ್ಷದ ಲೆಕ್ಕದಲ್ಲಿ. ಆದರೆ ಮೂರು ವರ್ಷದ ಲೆಕ್ಕ ಬರೆದಿಡದವರಿಗೆ ಈ ಕ್ರಮ ಒಗ್ಗುವುದಿಲ್ಲ. ಅವರು ಮೊದಲು ಪುಸ್ತಕ ಬರೆಯಲಿ.

2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವಿದೆ. ಸೀಸನ್ನಿನ ನಡುವೆಯೇ ಒಂದು ತಿಂಗಳು ಖಾಲಿ ಬಿದ್ದು, ಉಳಿದ ಮದುವೆಗಳೆಲ್ಲ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗಿನ ನಿಜ ಜ್ಯೇಷ್ಠದಲ್ಲಿ ಒತ್ತಿಕೊಂಡು ಬರುತ್ತವೆ. ನಿಮ್ಮ ಪ್ರವಾಸ ಸರಿಯಾಗಿ ಅಲ್ಲಿಯೇ ಬಿದ್ದಿದೆ. ಪಟ್ಟಿ ಹಾಕುವಾಗ ಪಂಚಾಂಗವನ್ನೇ ತೆರೆಯಲಿಲ್ಲವೆಂದರೆ ಹೇಗೆ? ಯಜಮಾನರಿಗೆ ಬಿಡುವಿದ್ದಾಗಲೆಲ್ಲ ನಿಮಗೂ ಬಿಡುವಿರುತ್ತದೆ ಎಂದುಕೊಳ್ಳಬೇಡಿ. ಅಧಿಕ ಮಾಸದಲ್ಲಿ ಅವರು ಕುಳಿತಿದ್ದರೂ ಶಾಲಾ ಸಮವಸ್ತ್ರದ ಹೊಲಿಗೆ ನಿಮ್ಮ ಮಿಷನ್ ಮೇಲಿರುತ್ತದೆ. ಪಿತೃಪಕ್ಷದಲ್ಲಿ ನವರಾತ್ರಿಯ ಬ್ಲೌಸ್‌ಗಳಿರುತ್ತವೆ. ಆ ದಿನಗಳಲ್ಲಿ ಅಡುಗೆಮನೆಯನ್ನು ಅವರು ವಹಿಸಿಕೊಳ್ಳಬೇಕೆಂದು ಪಟ್ಟಿಯಲ್ಲಿಯೇ ಬರೆಯಿರಿ; ಬಾಯಿಮಾತಿನಲ್ಲಿ ಬಿಟ್ಟರೆ ನಡೆಯುವುದಿಲ್ಲ.

ಏಪ್ರಿಲ್‌ಗೆ ಹೊಸ ಸೋನಿ ಬಾಡಿಯನ್ನು ಕಂತಿನ ಮೇಲೆ ಕೊಳ್ಳುವ ಯೋಚನೆ ಬಿಡಿ. ಅದು ಒಳ್ಳೆಯ ಕ್ಯಾಮೆರಾ, ನಿಜ; ಆದರೆ ಬೇಕಾದ ದಿನಕ್ಕೆ ಬಾಡಿಗೆಗೆ ಸಿಗುತ್ತದೆ. ಹೊಲಿಗೆ ಮಿಷನ್ ದಿನವೂ ಬೇಕು, ಆದ್ದರಿಂದ ಮೊದಲು ನಿಮಗೊಂದು ಜೂಕಿ ಬರಲಿ, ಅದೂ ಕೈಹಣದಲ್ಲಿ. ವಹಿವಾಟಿನ ಇಂತಿಷ್ಟು ಪಾಲನ್ನೇ ಲಾಭವೆಂದು ತೋರಿಸುವ ಅಂದಾಜು ತೆರಿಗೆ ಪದ್ಧತಿಯಲ್ಲಿರುವವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಪೂರ್ತಿ ಕಟ್ಟಬೇಕಾದ್ದರಿಂದ ಅದಕ್ಕೂ ತಿಂಗಳು ತಿಂಗಳು ತೆಗೆದಿಡಿ.

ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಧನುರ್ಮಾಸದಲ್ಲಿ. ಡಿಸೆಂಬರ್ 16ಕ್ಕೆ ಹೊರಟು ಕ್ರಿಸ್‌ಮಸ್ ರಜೆಯ ಜನ ತುಂಬುವ ಮೊದಲು ವಾಪಸಾಗಿರಿ. ಸಂಕ್ರಾಂತಿಯ ನಂತರದ ಮದುವೆಗಳಿಗೆ ಅಳತೆ ಬ್ಲೌಸ್ ಹಿಡಿದುಕೊಂಡು ಬರುವವರು ಜನವರಿ ಮೊದಲ ವಾರದಲ್ಲಿಯೇ ಬಾಗಿಲಿಗೆ ಬರುತ್ತಾರೆ.