ಹಿನ್ನೀರು, ಫುಗವಟಾ ಮತ್ತು ಗೋಡೆಯ ಮೇಲಿನ ಗೆರೆ

ನೀವು ಕೇಳಿದ್ದು ಎರಡು ಪ್ರಶ್ನೆ. ಕರ್ನಾಟಕ–ಮಹಾರಾಷ್ಟ್ರ ಗಡಿಯಲ್ಲಿರುವ ನಮಗೆ ನೆರೆ ಬರುವುದು ಮೇಲೆ ಮಹಾರಾಷ್ಟ್ರದಲ್ಲಿರುವ ಕೊಯ್ನಾ ಅಣೆಕಟ್ಟೆಯಿಂದಲೋ ಕೆಳಗೆ ಕರ್ನಾಟಕದಲ್ಲಿರುವ ಆಲಮಟ್ಟಿ ಅಣೆಕಟ್ಟೆಯಿಂದಲೋ ಎಂಬುದು ಒಂದು. ಚಲನಶೀಲ ಸಿಮ್ಯುಲೇಶನ್ ಎಂದು ಕಂಪ್ಯೂಟರಿನಲ್ಲಿ ನದಿಯನ್ನು ಹರಿಸಿ ನೋಡುತ್ತಾರಂತಲ್ಲ, ಅದರಿಂದ ನಮ್ಮಂಥವರಿಗೆ ಏನಾದರೂ ಪ್ರಯೋಜನವಿದೆಯೇ ಎಂಬುದು ಇನ್ನೊಂದು. ನಮ್ಮ ಭಾಗದಲ್ಲಿ ಮೊದಲನೆಯ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿದೆ, ಎರಡನೆಯದನ್ನು ಕೇಳುವವರೇ ಕಡಿಮೆ. ಆದರೆ ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಊರು ಎಲ್ಲಿದೆ ಎಂದು ಹೇಳುತ್ತೇನೆ. ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯಲ್ಲಿದೆ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನಾ ನದಿಯನ್ನು, ಸಾಂಗ್ಲಿಯ ಹತ್ತಿರ ವಾರಣಾವನ್ನು, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಕಡೆ ಬರುತ್ತಾಳೆ. ವೇದಗಂಗೆಯ ನೀರನ್ನೂ ಹೊತ್ತ ದೂಧಗಂಗೆ ಕಲ್ಲೋಳದ ಬಳಿ ಬಂದು ಸೇರುತ್ತದೆ. ಮಳೆಯೆಲ್ಲ ಬೀಳುವುದು ಸಹ್ಯಾದ್ರಿಯ ನೆತ್ತಿಯಲ್ಲಿ. ನಮ್ಮ ಊರಿನಲ್ಲಿ ಬಿಸಿಲಿರುವಾಗಲೇ ಹೊಳೆ ಏರುತ್ತಿರುತ್ತದೆ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮಗೆ ಅದು ಜುಲೈ ತಿಂಗಳು, ಅಷ್ಟೇ.

ಜುಲೈನಲ್ಲಿ ನಮ್ಮ ದಿನ ಹೇಗೆ ಶುರುವಾಗುತ್ತದೆ ಎಂದರೆ, ಬೆಳಿಗ್ಗೆ ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ ಪತ್ರಿಕೆ, ಜೊತೆಗೆ ಮೊಬೈಲಿನಲ್ಲಿ ಬಂದ ಅಂಕಿಗಳು. ಕೊಯ್ನಾದಿಂದ ಎಷ್ಟು ಬಿಟ್ಟರು, ಸಾಂಗ್ಲಿಯ ಆಯರ್ವಿನ್ ಸೇತುವೆಯ ಹತ್ತಿರ ಎಷ್ಟು ಅಡಿ, ಕೊಲ್ಹಾಪುರದ ರಾಜಾರಾಮ ಬಂಧಾರದ ಹತ್ತಿರ ಎಷ್ಟು ಅಡಿ. ಸಾಂಗ್ಲಿಯಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. ರಾಜಾರಾಮ ಬಂಧಾರದಲ್ಲಿ 39 ಮತ್ತು 43. ಶಾಲೆಯ ಹುಡುಗರಿಗೂ ಈ ನಾಲ್ಕು ಸಂಖ್ಯೆ ಬಾಯಿಪಾಠ. ನರಸೋಬಾವಾಡಿಯ ದತ್ತ ಮಂದಿರದಲ್ಲಿ ‘ದಕ್ಷಿಣ ದ್ವಾರ’ವಾಯಿತು ಎಂದು ಯಾರಾದರೂ ಹೇಳಿದರೆ, ಅಂದರೆ ಹೊಳೆಯ ನೀರು ಗುಡಿಯೊಳಗೆ ಬಂದು ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬಿತ್ತು ಎಂದರೆ, ಭಕ್ತರು ಆ ನೀರಿನಲ್ಲಿ ಸ್ನಾನ ಮಾಡಲು ಹೊರಡುತ್ತಾರೆ. ನಮ್ಮ ತಂದೆ ಅದೇ ಸುದ್ದಿ ಕೇಳಿ ಕೈಮುಗಿದು, ಹೊಳೆಯ ದಂಡೆಯಿಂದ ಮೋಟಾರ್ ಎತ್ತಿಸಲು ಆಳುಗಳನ್ನು ಕರೆಯುತ್ತಿದ್ದರು.

ಮೋಟಾರ್ ಎತ್ತುವುದು ಎಂದರೇನು ಎಂದು ನಿಮಗೆ ಗೊತ್ತಾಗಬೇಕು. ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್ ದಂಡೆಯ ಇಳಿಜಾರಿನಲ್ಲಿರುತ್ತದೆ. ಬೋಲ್ಟ್ ಬಿಚ್ಚಿ, ಕೇಬಲ್ ಸುತ್ತಿ, ಗಳ ಹಾಕಿ ನಾಲ್ಕು ಜನ ಹೆಗಲ ಮೇಲೆ ಹೊತ್ತು ಕೆಸರಿನಲ್ಲಿ ಏರಬೇಕು. ಬೇಗ ಎತ್ತಿದರೆ, ಮಳೆ ಕೈಕೊಟ್ಟ ವಾರದಲ್ಲಿ ಬೆಳೆಗೆ ನೀರಿಲ್ಲ. ತಡ ಮಾಡಿದರೆ ಮೋಟಾರೇ ಇಲ್ಲ. ತಂದೆಯ ಲೆಕ್ಕ ಹೀಗಿತ್ತು: ಕೊಯ್ನಾದಲ್ಲಿ ಬಾಗಿಲು ತೆರೆದರೆ ನಮಗೆ ಎರಡು ಸಂಜೆ ಸಮಯವಿದೆ, ಹೊಳೆ ಆಗಲೇ ದಂಡೆ ಮುಟ್ಟಿದ್ದರೆ ಲೆಕ್ಕ ಬೇರೆ. ಈ ಲೆಕ್ಕವೂ ಒಂದು ಮಾದರಿಯೇ. ಕಂಪ್ಯೂಟರ್ ಮಾಡುವುದು ಇದನ್ನೇ, ಆದರೆ ಗಂಟೆಗೊಮ್ಮೆ, ನೂರಾರು ಕಡೆ, ಮರೆಯದೆ.

ಅದರ ಬೇರು ಬಹಳ ಸರಳವಾದದ್ದು. ಇದ್ದ ನೀರಿಗೆ ಬಂದದ್ದನ್ನು ಕೂಡು, ಹೋದದ್ದನ್ನು ಕಳೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಈಗ ಆಲಮಟ್ಟಿಯನ್ನು ತೆಗೆದುಕೊಳ್ಳಿ. 519.60 ಮೀಟರ್ ಪೂರ್ಣ ಮಟ್ಟದಲ್ಲಿ ಅದರ ಸಾಮರ್ಥ್ಯ 123 ಟಿಎಂಸಿ. ಅದರಲ್ಲಿ 100 ಟಿಎಂಸಿ ತುಂಬಿದೆ, ಒಳಹರಿವು ಮೂರು ಲಕ್ಷ, ಹೊರಹರಿವು ಎರಡು ಲಕ್ಷ ಎಂದುಕೊಳ್ಳೋಣ. ದಿನಕ್ಕೆ 8.64 ಟಿಎಂಸಿಯಂತೆ, ಉಳಿದ ಜಾಗ ಮೂರು ದಿನ ತುಂಬುವ ಮೊದಲೇ ಮುಗಿಯುತ್ತದೆ. ಬಾಗಿಲು ಈಗಲೇ ಹೆಚ್ಚು ತೆರೆದರೆ ಕೆಳಗಿನವರಿಗೆ ಕಷ್ಟ. ತೆರೆಯದೆ ಕಾದು, ಒಳಹರಿವು ಮತ್ತೂ ಏರಿದರೆ ಮೇಲಿನವರಿಗೂ ಕೆಳಗಿನವರಿಗೂ ಕಷ್ಟ. ಮೊದಲೇ ಖಾಲಿ ಮಾಡಿಟ್ಟು ಆಗಸ್ಟ್‌ನಲ್ಲಿ ಮಳೆ ನಿಂತುಹೋದರೆ ವಿಜಯಪುರ, ಬಾಗಲಕೋಟೆ, ಯಾದಗಿರಿ, ರಾಯಚೂರಿನ ಹೊಲಗಳಿಗೆ ನೀರಿಲ್ಲ. ಒಂದೇ ಮಳೆಯನ್ನು ನಂಬಿ ಇಂಥ ತೀರ್ಮಾನ ಮಾಡಲಾಗುವುದಿಲ್ಲ. ಆದ್ದರಿಂದ ಬೀಳಬಹುದಾದ ಸಾವಿರ ಬಗೆಯ ಮಳೆಗಳನ್ನು ಕೊಟ್ಟು, ಪ್ರತಿ ಬಾರಿಯೂ ಬಾಗಿಲನ್ನು ಬೇರೆ ಬೇರೆ ಹೊತ್ತಿಗೆ ತೆರೆದು, ಎಷ್ಟು ಸಲ ಕೆಟ್ಟಿತು ಎಂದು ಎಣಿಸುತ್ತಾರೆ. ಚಲನಶೀಲ ಸಿಮ್ಯುಲೇಶನ್ ಎಂದು ನೀವು ಹೇಳಿದ್ದರ ತಿರುಳು ಇದು.

ನದಿ ಮಾತ್ರ ಜಲಾಶಯದಷ್ಟು ಸರಳವಲ್ಲ, ಅದು ನೀರನ್ನು ದಾರಿಯುದ್ದಕ್ಕೂ ಕೂಡಿಟ್ಟುಕೊಳ್ಳುತ್ತದೆ. ಪಾತ್ರದೊಳಗೆ ಇರುವತನಕ ನೆರೆಯ ಅಲೆ ಬೇಗ ಸಾಗುತ್ತದೆ. ದಂಡೆ ಮೀರಿ ಹೊಲಗಳಿಗೆ ಹರಡಿಕೊಂಡರೆ ನಿಧಾನವಾಗುತ್ತದೆ, ಶಿಖರ ತಗ್ಗುತ್ತದೆ, ಆದರೆ ಹೆಚ್ಚು ದಿನ ನಿಲ್ಲುತ್ತದೆ. ತಂದೆ ‘ದಂಡೆ ಮುಟ್ಟಿದ್ದರೆ ಲೆಕ್ಕ ಬೇರೆ’ ಎನ್ನುತ್ತಿದ್ದುದು ಇದನ್ನೇ. ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲಿ ಇದಕ್ಕೆ ಸಮೀಕರಣಗಳನ್ನು ಬರೆದರು. ಇಂದು ಜಗತ್ತಿನೆಲ್ಲೆಡೆ ಬಳಸುವ, ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್-ರಾಸ್ ತಂತ್ರಾಂಶ ಬಿಡಿಸುವುದೂ ಅವನ್ನೇ. ಅದು ಉಚಿತ, ನಾನೂ ಇಳಿಸಿಕೊಂಡು ಕಲಿತಿದ್ದೇನೆ.

ಕಲಿಯುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು n ಎಂಬ ಒಂದು ಚಿಕ್ಕ ಅಕ್ಷರ. ಐರ್ಲೆಂಡಿನ ಎಂಜಿನಿಯರ್ ಮ್ಯಾನಿಂಗ್ ಅವರ ಹೆಸರಿನ ಒರಟುತನದ ಗುಣಾಂಕ ಅದು, ನೆಲ ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಸ್ವಚ್ಛ ನೇರ ಪಾತ್ರಕ್ಕೆ 0.03ರ ಆಸುಪಾಸು, ದಟ್ಟ ಪೊದೆಗಳಿರುವ ಬಯಲಿಗೆ 0.1 ಅಥವಾ ಅದಕ್ಕೂ ಮೇಲೆ. ಆಗಸ್ಟ್‌ನಲ್ಲಿ ನಮ್ಮ ದಂಡೆಯ ಕಬ್ಬು ಆಳೆತ್ತರ ದಾಟಿರುತ್ತದೆ, ಸಾಲುಗಳ ನಡುವೆ ಮನುಷ್ಯ ನುಸುಳುವುದೇ ಕಷ್ಟ. ಅಲ್ಲಿ ನೀರು ನುಗ್ಗುವುದಿಲ್ಲ, ತಡವರಿಸುತ್ತದೆ. ಅದೇ ಹೊಲದಲ್ಲಿ ಕಬ್ಬು ಕಟಾವಾಗಿದ್ದರೆ ಅದು ಬೇರೆಯೇ ನದಿ. ಅದರ ಮೇಲೆ, ಎತ್ತರಿಸಿದ ರಸ್ತೆಗಳು, ಸೇತುವೆಗಳ ಎರಡೂ ಬದಿಗೆ ಹಾಕಿದ ಮಣ್ಣಿನ ಏರಿಗಳು. ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜದಂಥ ತಗ್ಗಿನ ದಾರಿಗಳು ಪ್ರತಿ ಮಳೆಗಾಲದಲ್ಲೂ ಮುಳುಗುತ್ತವೆ. ಅದು ತೊಂದರೆ ನಿಜ, ಆದರೆ ಅವು ನೀರಿಗೆ ದಾರಿ ಬಿಡುತ್ತವೆ. ಎತ್ತರದ ಏರಿ ವಾಹನಕ್ಕೆ ದಾರಿ ಕೊಟ್ಟು ನೀರಿಗೆ ಅಡ್ಡ ನಿಲ್ಲುತ್ತದೆ. ಕಟ್ಟುವ ಮೊದಲು ಮಾದರಿಯಲ್ಲಿ ಅದನ್ನು ಇಟ್ಟು ನೋಡಿದರೆ, ಎಷ್ಟು ಕಣ್ಣುಗಳ ಮೋರಿ ಬೇಕು ಎಂದು ಮೊದಲೇ ತಿಳಿಯುತ್ತದೆ.

ಈಗ ಮೊದಲನೆಯ ಪ್ರಶ್ನೆಗೆ ಬರುತ್ತೇನೆ. ಅಣೆಕಟ್ಟೆಯ ಹಿಂದೆ ನಿಂತು ಮೇಲಕ್ಕೆ ಚಾಚುವ ನೀರಿಗೆ ಕನ್ನಡದಲ್ಲಿ ನಾವು ಹಿನ್ನೀರು ಎನ್ನುತ್ತೇವೆ. ಗಡಿಯಾಚೆ ಮಹಾರಾಷ್ಟ್ರದ ಶಿರೋಳದವರು, ಸಾಂಗ್ಲಿಯವರು ಅದಕ್ಕೆ ಮರಾಠಿಯಲ್ಲಿ ಫುಗವಟಾ ಎನ್ನುತ್ತಾರೆ, ಅಂದರೆ ಉಬ್ಬು. ಹಿನ್ನೀರು ಎನ್ನುವವನು ಅಣೆಕಟ್ಟೆಯ ಮೇಲೆ ನಿಂತು ಹಿಂದಕ್ಕೆ ನೋಡುತ್ತಿದ್ದಾನೆ. ಫುಗವಟಾ ಎನ್ನುವವನು ತನ್ನ ಮನೆಯ ಅಂಗಳದಲ್ಲಿ ನಿಂತು, ಹೊಳೆ ಕೆಳಗಿನಿಂದ ಉಬ್ಬಿ ಬರುವುದನ್ನು ನೋಡುತ್ತಿದ್ದಾನೆ. ನಮ್ಮೂರಿನವರು ಎರಡೂ ಮಾತನ್ನು ಆಡುತ್ತೇವೆ, ಏಕೆಂದರೆ ಎರಡೂ ಕಡೆ ನಮಗೆ ಬೀಗರಿದ್ದಾರೆ. 2005ರಲ್ಲಿ, 2019ರಲ್ಲಿ, 2021ರಲ್ಲಿ ನಾವು ಮುಳುಗಿದಾಗ ಅವರೂ ಮುಳುಗಿದರು. ಅವರು ಆಲಮಟ್ಟಿಯತ್ತ ಬೆರಳು ತೋರಿಸಿದರು, ನಮ್ಮವರು ಕೊಯ್ನಾದತ್ತ ತೋರಿಸಿದರು.

2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ್ ವಡ್ನೇರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2020ರಲ್ಲಿ ಬಂದ ಅದರ ವರದಿ ಆಲಮಟ್ಟಿಯನ್ನು ಆ ನೆರೆಗೆ ಕಾರಣವೆಂದು ಹೇಳಲಿಲ್ಲ. ಅತಿ ಮಳೆಯನ್ನೂ ನದಿ ಪಾತ್ರದ ಒತ್ತುವರಿಯನ್ನೂ ಎತ್ತಿ ತೋರಿಸಿತು. ಆದರೂ ವಾದ ನಿಂತಿಲ್ಲ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚುವ ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದ ಮೇಲೆ ಮೇಲ್ಭಾಗದವರ ಭಯ ಹೆಚ್ಚಿದೆ. ಅವರ ಭಯವನ್ನು ನಾನು ಸುಳ್ಳು ಎನ್ನುವುದಿಲ್ಲ. ಎದೆಮಟ್ಟ ನೀರಿನಲ್ಲಿ ಎಮ್ಮೆಯ ಹಗ್ಗ ಹಿಡಿದು ನಡೆದವರಿಗೆ ವರದಿಯ ಪುಟಗಳು ಸಾಲುವುದಿಲ್ಲ. ಅವರಿಗೆ ಬೇಕಾದದ್ದು ‘ಇದೇ ಮಳೆ ಬಿದ್ದು, ಆಲಮಟ್ಟಿಯಲ್ಲಿ ಮಟ್ಟ ಇಷ್ಟು ಕಡಿಮೆ ಇದ್ದಿದ್ದರೆ ನನ್ನ ಓಣಿಯಲ್ಲಿ ಎಷ್ಟು ಬೆರಳು ವ್ಯತ್ಯಾಸವಾಗುತ್ತಿತ್ತು?’ ಎಂಬುದಕ್ಕೆ ಉತ್ತರ. ನಿಜವಾದ ನದಿಯಲ್ಲಿ ಅದನ್ನು ಪರೀಕ್ಷಿಸಲು ಆಗುವುದಿಲ್ಲ, ಬಿದ್ದ ಮಳೆ ಮತ್ತೆ ಅದೇ ರೀತಿ ಬೀಳುವುದಿಲ್ಲ. ಮಾದರಿಯಲ್ಲಿ ಮಾತ್ರ ಸಾಧ್ಯ. ನಮಗೂ ಆಲಮಟ್ಟಿಗೂ ನಡುವೆ ಇರುವ ಹಿಪ್ಪರಗಿ ಬ್ಯಾರೇಜಿನ ಬಾಗಿಲು, ನಡುವಿನ ಸೇತುವೆಗಳು, ಕಬ್ಬು, ಎಲ್ಲವನ್ನೂ ಹಾಗೇ ಇಟ್ಟು ಒಂದೇ ಒಂದು ಸಂಖ್ಯೆಯನ್ನು ಬದಲಿಸಿ ನೋಡಬಹುದು.

ಹಾಗಾದರೆ ನೆರೆ ಎಲ್ಲಿಂದ? ನನ್ನ ತಿಳಿವಳಿಕೆ ಹೇಳುತ್ತೇನೆ. ಮೊದಲು ಮಳೆಯಿಂದ. 2021ರ ಜುಲೈನಲ್ಲಿ ಮಹಾಬಳೇಶ್ವರದಲ್ಲಿ ಒಂದೇ ದಿನ 590 ಮಿಲಿಮೀಟರ್‌ಗೂ ಹೆಚ್ಚು ಬಿತ್ತು. ಅಣೆಕಟ್ಟೆಗಳ ಕೆಳಗೂ ಬೀಳುವ ಅಂಥ ಮಳೆಯನ್ನು ಯಾವ ಬಾಗಿಲೂ ತಡೆಯುವುದಿಲ್ಲ. ಆಮೇಲೆ ಹೊತ್ತಿನಿಂದ. ಕೃಷ್ಣೆಯ ಶಿಖರವೂ ಪಂಚಗಂಗೆಯ ಶಿಖರವೂ ಒಂದೇ ಹೊತ್ತಿಗೆ ನರಸೋಬಾವಾಡಿಗೆ ಬಂದರೆ ಕೆಟ್ಟಿತು, ಒಂದು ದಿನದ ಅಂತರವಿದ್ದರೆ ಬದುಕಿದೆವು. ಕೊಯ್ನಾದ ಬಾಗಿಲು ತೆರೆಯುವ ಗಂಟೆಗೂ ಆಲಮಟ್ಟಿಯ ಬಾಗಿಲು ತೆರೆಯುವ ಗಂಟೆಗೂ ಬೆಲೆ ಬರುವುದು ಇಲ್ಲಿ. ಆದ್ದರಿಂದ ಎರಡು ರಾಜ್ಯಗಳೂ ಒಂದೇ ಮಾದರಿಯನ್ನು ಒಂದೇ ಅಂಕಿಗಳಿಂದ ನಡೆಸಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ಕೃಷ್ಣಾ–ಭೀಮಾ ಕಣಿವೆಗೆ ಹರಿವಿನ ಮುನ್ಸೂಚನೆಯ ವ್ಯವಸ್ಥೆ ಮಾಡಿಕೊಂಡಿದೆ. ಅಂಥದ್ದು ಗಡಿಯ ಕಲ್ಲಿನ ಹತ್ತಿರ ನಿಲ್ಲಬಾರದು.

ನೆರೆಯ ಮಾತೇ ಉದ್ದವಾಯಿತು. ಇನ್ನೊಂದು ಸಂಗತಿ ಯಾರ ಸುದ್ದಿಯಲ್ಲೂ ಬರುವುದಿಲ್ಲ, ಏಕೆಂದರೆ ಅದು ಸದ್ದಿಲ್ಲದೆ ನಡೆಯುತ್ತದೆ: ಸವಳು, ಜವಳು, ಅಂದರೆ ನೆಲಕ್ಕೆ ಉಪ್ಪು ಏರುವುದು, ನೀರು ನಿಲ್ಲುವುದು. ನಮ್ಮ ಕರಿಮಣ್ಣಿನಲ್ಲಿ ನೀರು ಬಸಿಯುವುದು ನಿಧಾನ. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ವರ್ಷದಲ್ಲಿ ಒಟ್ಟು 2,000 ಮಿಲಿಮೀಟರ್ ಹಾಯಿಸಿದರೆ, ಒಂದು ಎಕರೆಗೆ ಬಂದು ಬೀಳುವ ಉಪ್ಪು ಸುಮಾರು ನಾಲ್ಕು ಟನ್. ಕಬ್ಬು ನೀರನ್ನು ಕುಡಿಯುತ್ತದೆ, ಉಪ್ಪನ್ನು ಬಿಡುತ್ತದೆ. ಬಸಿದು ಹೋಗಲು ದಾರಿಯಿಲ್ಲದಿದ್ದರೆ ಅಂತರ್ಜಲ ಏರುತ್ತ ಏರುತ್ತ ಬೇರಿನ ಮಟ್ಟಕ್ಕೆ ಬಂದು, ಒಂದು ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಹುಡಿ ಕಾಣಿಸುತ್ತದೆ. ನಮ್ಮ ಚಿಕ್ಕಪ್ಪನ ಮೂರು ಎಕರೆಯಲ್ಲಿ ಆದದ್ದು ಹೀಗೆಯೇ. ಅವರು ಅದನ್ನು ಆ ವರ್ಷದ ಗೊಬ್ಬರದ ದೋಷ ಎಂದುಕೊಂಡರು. ದೋಷ ಹದಿನೈದು ವರ್ಷಗಳಿಂದ ನೆಲದೊಳಗೆ ಜಮೆಯಾಗುತ್ತಿತ್ತು. ಅಮೆರಿಕದ ಜೇ ಫಾರೆಸ್ಟರ್ 1950ರ ದಶಕದಲ್ಲಿ ವ್ಯವಸ್ಥೆಗಳನ್ನು ಜಮೆ ಮತ್ತು ಹರಿವುಗಳಾಗಿ ನೋಡುವ ಕ್ರಮವನ್ನು ಕಟ್ಟಿದಾಗ ಒತ್ತಿ ಹೇಳಿದ್ದು ಈ ತಡವನ್ನೇ: ಕಾರಣ ಇಂದು, ಫಲ ಬಹಳ ದಿನಗಳ ನಂತರ. ಚಿಕ್ಕಪ್ಪನ ಹೊಲದ ಲೆಕ್ಕವನ್ನು ನಾನು ಒಂದು ಸಾಮಾನ್ಯ ಹಾಳೆಯಲ್ಲಿ ತಿಂಗಳು ತಿಂಗಳಾಗಿ ಹಾಕಿ ತೋರಿಸಿದೆ. ನೀರು ಮೂರನೇ ಒಂದು ಪಾಲು ಕಡಿಮೆ ಮಾಡಿದರೆ ಮಟ್ಟ ಏರುವುದು ನಿಲ್ಲುತ್ತದೆ, ಆದರೆ ಕೂತ ಉಪ್ಪು ಹೋಗುವುದಿಲ್ಲ. ಅದಕ್ಕೆ ನೆಲದಡಿ ತೂತಿನ ಕೊಳವೆ ಹಾಕಿ ತೊಳೆಯಲೇಬೇಕು ಎಂದು ಗೆರೆಗಳೇ ಹೇಳಿದವು. ಅವರು ಬಹಳ ಹೊತ್ತು ಆ ಗೆರೆಗಳನ್ನು ನೋಡಿದರು. ಮರುವರ್ಷ ಕೊಳವೆ ಹಾಕಿಸಿದರು, ಹನಿ ನೀರಾವರಿಗೂ ಬದಲಾದರು.

2019ರ ಆಗಸ್ಟ್‌ನಲ್ಲಿ ನಮಗೆ ಎಚ್ಚರಿಕೆ ಬರಲಿಲ್ಲ ಎಂದು ಹೇಳಲಾರೆ. ಬಂತು, ಆದರೆ ಕ್ಯೂಸೆಕ್‌ನಲ್ಲಿ ಬಂತು. ಇಷ್ಟು ಲಕ್ಷ ಕ್ಯೂಸೆಕ್ ಬರಲಿದೆ ಎಂದು ಧ್ವನಿವರ್ಧಕದಲ್ಲಿ ಕೂಗಿಕೊಂಡು ಹೋದರು. ಅದು ನಮ್ಮ ಓಣಿಯ ಮೊದಲ ಮೆಟ್ಟಿಲೋ, ಅಟ್ಟವೋ? ಹೇಳುವವರಿರಲಿಲ್ಲ. ಅಜ್ಜಿ 2005ರ ನೆರೆ ಗೋಡೆಯ ಮೇಲೆ ಬಿಟ್ಟುಹೋದ ಗೆರೆಯನ್ನು ನಂಬಿ ಜೋಳದ ಚೀಲಗಳನ್ನು ಅದಕ್ಕಿಂತ ಒಂದು ಮೊಳ ಮೇಲೆ ಇಡಿಸಿದಳು. ನೀರು ಅದನ್ನೂ ದಾಟಿತು. ಕಾಳಜಿ ಕೇಂದ್ರದಲ್ಲಿ ಹತ್ತು ದಿನ ಕಳೆದು ಹಿಂದಿರುಗಿದಾಗ ಮೊಳಕೆಯೊಡೆದ ಜೋಳದ ವಾಸನೆ ಮನೆಯ ತುಂಬ ಇತ್ತು.

ಆ ಸಲ ನೀರು ಗೋಡೆಯ ಮೇಲೆ ಬಿಟ್ಟ ಕೆಸರಿನ ಗೆರೆಯನ್ನು ಒರೆಸಲು ನಾನು ಬಿಡಲಿಲ್ಲ. ಬಣ್ಣ ಬಳಿಯುವಾಗಲೂ ಅದರ ಮೇಲೆ ನೀಲಿ ಪಟ್ಟಿ ಎಳೆದು ತಾರೀಕು ಬರೆಸಿದ್ದೇನೆ. ಆಮೇಲೆ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಊರಿನ ಇಂಥ ಗೆರೆಗಳನ್ನೆಲ್ಲ ಹುಡುಕಿದೆವು: ಗುಡಿಯ ಕಂಬ, ಗಿರಣಿಯ ಬಾಗಿಲು, ಪಂಚಾಯಿತಿಯ ಗೋಡೆ. ಒಟ್ಟು ಮೂವತ್ತೊಂದು ಸಿಕ್ಕವು. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಹಿಡಿದು, ಸೇತುವೆಯ ಗುರುತಿನ ಕಲ್ಲಿನಿಂದ ಪ್ರತಿಯೊಂದರ ಎತ್ತರವನ್ನು ಅಳೆದು ಬರೆದಿದ್ದೇವೆ. ಯಾವುದೇ ಮಾದರಿಯನ್ನು ನಂಬುವ ಮೊದಲು ಹಳೆಯ ನೆರೆಯನ್ನು ಅದರಲ್ಲಿ ಮತ್ತೆ ಹರಿಸಿ, ನಿಜವಾಗಿ ನಿಂತ ನೀರಿಗೆ ಹೋಲಿಸಬೇಕು. ನಮ್ಮ ಮೂವತ್ತೊಂದು ಗೆರೆಗಳು ಅದಕ್ಕೇ ಇವೆ. ಗಡಿಯ ಆಚೆ ಶಿರೋಳದ ಕಡೆಯ ಒಬ್ಬ ಶಿಕ್ಷಕರೂ ತಮ್ಮ ಊರಿನಲ್ಲಿ ಅಳೆಯಲು ಶುರು ಮಾಡಿದ್ದಾರೆ. ಅವರ ವಹಿ ಮರಾಠಿಯಲ್ಲಿದೆ, ನಮ್ಮದು ಕನ್ನಡದಲ್ಲಿ. ಅಂಕಿಗಳನ್ನು ಮಾತ್ರ ಇಬ್ಬರೂ ಮೀಟರಿನಲ್ಲೇ ಬರೆಯೋಣ ಎಂದು ಮಾತಾಗಿದೆ. ನೀವು ಜುಲೈನಲ್ಲಿ ಬರುವುದಾದರೆ ಎರಡನ್ನೂ ನೋಡಬಹುದು. ಕಲ್ಲೋಳದ ದಾರಿ ಮುಳುಗಿದ್ದರೆ ಅಂಕಲಿಯ ಮೇಲಿಂದ ಸುತ್ತಿ ಬನ್ನಿ.